ಕ್ಯಾಟಮೌಂಟಿನ ಎಡ ಮಗ್ಗುಲು

ಡೆಟ್ರಾಯಿಟ್ ಊರಿನಲ್ಲಿ ಸಿಟ್ಟಿಗೆ ಎಂದೂ ಬರ ಬಂದದ್ದಿಲ್ಲ. ಎರಕ ಹೊಯ್ಯುವವನಿಗೆ ಒಂದು ಸಿಟ್ಟು, ಪೇಂಟು ಹೊಡೆಯುವವನಿಗೆ ಒಂದು ಸಿಟ್ಟು. ಚಳಿಗಾಲ ಬಂದರೆ ನದಿಗೂ ಸಿಟ್ಟು ಬಂದು ಮುಖ ಗಟ್ಟಿ ಮಾಡಿಕೊಂಡು ಮಲಗುತ್ತದೆ. ಇವರೆಲ್ಲರ ಸಿಟ್ಟನ್ನೂ ಒಂದೇ ಹಂಡೆಗೆ ಸುರಿದು ಕುದಿಸಿ ಭಟ್ಟಿ ಇಳಿಸಿದರೂ ಕಾಜ್ ಡೊಂಬ್ರೊವ್‌ಸ್ಕಿಯ ಬೆಳಗಿನ ಒಂದು ಲೋಟ ಕಾಫಿಗೆ ಸಾಲುತ್ತಿರಲಿಲ್ಲ. ಅವನು ಪೋಲೆಂಡಿನವರ ಕೇರಿ ಹ್ಯಾಮ್‌ಟ್ರಮಿಕ್‌ನಲ್ಲಿ ತನ್ನ ಮನೆಯ ಬಾಗಿಲು ಎಳೆದುಕೊಂಡು ಕೆಲಸಕ್ಕೆ ಹೊರಟನೆಂದರೆ ಮೂರು ಬೀದಿಯಾಚೆ ಇಗರ್ಜಿಯ ಗಂಟೆ ತಾನಾಗಿ ಒಂದು ಸಲ ಮೊಳಗುತ್ತಿತ್ತು. ನದಿಯ ಆಚೆ ದಡದ ಕೆನಡಾದವರು ಆ ಸದ್ದು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಸಿಟ್ಟಿಗೆ ಕಾರಣವಿಲ್ಲದೇ ಇರಲಿಲ್ಲ. ಊರಿನ ದೊಡ್ಡ ಕಾರು ಕಂಪನಿಯೊಂದರ ಸ್ಟುಡಿಯೋದಲ್ಲಿ ಅವನು ಕಾರಿನ ಆಕಾರ ಬರೆಯುವವ. ಬರೆಯುತ್ತ ಬರೆಯುತ್ತ ತಲೆಗೂದಲು ಉದುರಿತ್ತು, ಉಳಿದದ್ದು ಬೆಳ್ಳಗಾಗಿತ್ತು. ಕಾರುಗಳಿಗೆಲ್ಲ ಬಾಲದ ರೆಕ್ಕೆ ಬಂದ ಕಾಲದಲ್ಲಿ ಅವನು ಗುಬ್ಬಿಯ ಬಾಲದಷ್ಟು ಚಿಕ್ಕದೊಂದು ರೆಕ್ಕೆ ಬರೆದುಕೊಟ್ಟಿದ್ದ. ಮೇಲಿನ ಮಹಡಿಯವರು ಅದನ್ನು ಇಗರ್ಜಿಯ ಗೋಪುರದಷ್ಟು ಎತ್ತರ ಮಾಡಿದರು. ಮುಂದೆ ಅವನು ಬರೀ ಕಬ್ಬಿಣದ ಮೂತಿಯೊಂದನ್ನು ಬರೆದ. ಅದಕ್ಕೆ ಬಕೆಟ್ಟುಗಟ್ಟಲೆ ಕ್ರೋಮು ಸುರಿದರು. ಅಮೆರಿಕದ ರಸ್ತೆಗಳ ಮೇಲೆ ಓಡುತ್ತಿದ್ದ ಕೋಟ್ಯಂತರ ಕಾರುಗಳಲ್ಲಿ ಕಾಜ್ ಬರೆದದ್ದು ಬರೆದ ಹಾಗೇ ಉಳಿದದ್ದು ಒಂದೇ: ಒಂದು ಸ್ಟೇಷನ್ ವ್ಯಾಗನ್ನಿನ ಬೂದಿಬಟ್ಟಲಿನ ಮುಚ್ಚಳ. ಜನ ಅದರ ಮೇಲೇ ಸಿಗರೇಟು ಹೊಸಕುತ್ತಿದ್ದರು.

ಇಂಥ ಹೊತ್ತಿನಲ್ಲಿ, ಅರವತ್ತಾರನೇ ಇಸವಿಯಲ್ಲಿ, ಕ್ಯಾಟಮೌಂಟಿನ ಕೆಲಸ ಬಂತು.

ಆಗ ದೇಶದ ಹುಡುಗರಿಗೆಲ್ಲ ಹುಚ್ಚು ಹಿಡಿದಿತ್ತು. ಹದವಾದ ಮೈಯ ಕಾರಿನೊಳಗೆ ರೈಲು ಎಳೆಯುವಷ್ಟು ಎಂಜಿನ್ ತುರುಕಿಕೊಂಡು ವುಡ್‌ವರ್ಡ್ ಅವೆನ್ಯೂದಲ್ಲಿ ಒಂದು ಸಿಗ್ನಲ್ಲಿನಿಂದ ಮುಂದಿನ ಸಿಗ್ನಲ್ಲಿಗೆ ಹಾರುವುದೇ ಅವರ ಓದು, ಅದೇ ಅವರ ಪ್ರಾರ್ಥನೆ. ಅಕ್ಕಪಕ್ಕದ ಮನೆಗಳಲ್ಲಿ ಮೊಟ್ಟೆ ಬೇಯಿಸಲು ಒಲೆ ಬೇಕಾಗಿರಲಿಲ್ಲ, ಕಿಟಕಿ ತೆರೆದು ಆ ಟಯರುಗಳ ಹೊಗೆಗೆ ಹಿಡಿದರೆ ಸಾಕಾಗುತ್ತಿತ್ತು. ಮೈಗಿಂತ ಎದೆ ದೊಡ್ಡದಾದ ಆ ಜಾತಿಗೆ ಮಸಲ್ ಕಾರು ಎಂದು ಹೆಸರು. ಮಿಕ್ಕ ಕಂಪನಿಗಳೆಲ್ಲ ಒಂದೊಂದನ್ನು ರಸ್ತೆಗೆ ಬಿಟ್ಟಾಗಿತ್ತು. ನಮ್ಮ ಕಂಪನಿಯೂ ಕಣ್ಣುಜ್ಜಿಕೊಂಡು ಎದ್ದು, ಬೆಟ್ಟದ ಕಾಡುಬೆಕ್ಕಿನ ಹೆಸರಿಟ್ಟು, ಕ್ಯಾಟಮೌಂಟ್ ಎಂಬ ಕಾರು ಮಾಡುತ್ತೇವೆ ಎಂದಿತು.

ಇದು ಮುಗಿದ ಮೇಲೆ ಕಾಜ್‌ನನ್ನು ಲಾರಿಗಳ ಸ್ಟುಡಿಯೋಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಲಾರಿಯಲ್ಲಿ ಗೆರೆ ಎಂಬುದಿಲ್ಲ, ಡಬ್ಬಿ ಮಾತ್ರ. ಹಾಗಾಗಿ ಇದೇ ಕಡೆಯ ಅವಕಾಶ. ತಾನು ಎಳೆದ ಒಂದು ಗೆರೆ, ಒಂದೇ ಒಂದು ಗೆರೆ, ಯಾರೂ ಕೈಯಿಡದೆ ರಸ್ತೆಗೆ ಇಳಿಯಬೇಕು. ಅಷ್ಟಾದರೆ ಡಬ್ಬಿಯಲ್ಲ, ಶವಪೆಟ್ಟಿಗೆ ಬರೆಯಲಿಕ್ಕೂ ಅವನು ತಯಾರಿದ್ದ.

ಕೆಲಸ ನಡೆಯುವ ರೀತಿ ಹೀಗೆ. ಕಾಗದದ ಮೇಲಿನ ಕಾರನ್ನು ಮೊದಲು ಮಣ್ಣಿನಲ್ಲಿ, ನಿಜದ ಅಳತೆಗೇ, ಮಾಡಿ ನೋಡುತ್ತಾರೆ. ಕಂದು ಮಣ್ಣು, ಗಂಧಕದ ನಾತ. ಒಲೆಯಲ್ಲಿಟ್ಟು ಮೆತ್ತಗೆ ಮಾಡಿ ಮರದ ಹಂದರಕ್ಕೆ ಮೆತ್ತುತ್ತಾರೆ, ಆರಿ ಗಟ್ಟಿಯಾದ ಮೇಲೆ ಉಕ್ಕಿನ ಅಲಗಿನಿಂದ ಕೆರೆಯುತ್ತಾರೆ. ಇಡೀ ಕಾರೊಂದು ನುಂಗುವ ಮಣ್ಣು ಒಂದು ಆನೆಯ ತೂಕ. ಆದ್ದರಿಂದ ಒಂದೇ ಮಣ್ಣಿನ ಕಾರಿನ ಎರಡು ಮಗ್ಗುಲನ್ನು ಇಬ್ಬರಿಗೆ ಹಂಚುವುದು ವಾಡಿಕೆ. ನಡುವೆ ಮೂತಿಯಿಂದ ಬಾಲದವರೆಗೆ ಕಪ್ಪು ಟೇಪಿನ ಗಡಿ. ಆ ಕಡೆ ಒಬ್ಬನ ಕಾರು, ಈ ಕಡೆ ಇನ್ನೊಬ್ಬನದು. ನಡುವೆ ಕನ್ನಡಿ ನಿಲ್ಲಿಸಿ ನೋಡಿದರೆ ಅರ್ಧವೇ ಪೂರ್ತಿಯಾಗಿ ಕಾಣುತ್ತದೆ. ದೊಡ್ಡವರು ಬಂದು ಒಂದು ಮಗ್ಗುಲನ್ನು ಆರಿಸುತ್ತಾರೆ, ಇನ್ನೊಂದು ಮತ್ತೆ ಒಲೆಗೆ ಹೋಗುತ್ತದೆ.

ಬಲ ಮಗ್ಗುಲು ಕಾಜ್‌ನದು. ಎಡ ಮಗ್ಗುಲು ಲೈಲ್ ಫೆನ್ವಿಕ್‌ನದು. ಲೈಲ್ ಕ್ಯಾಲಿಫೋರ್ನಿಯಾದಿಂದ ಬಂದ ಇಪ್ಪತ್ತೊಂಬತ್ತರ ಹುಡುಗ. ಮಿಷಿಗನ್ನಿನ ಜನವರಿಯಲ್ಲೂ ಕಾಲುಚೀಲವಿಲ್ಲದೆ ಬೂಟು ಹಾಕುವವ. ಮಾತಿಗೊಮ್ಮೆ ಸಮುದ್ರದ ‘ಅಲೆ’ ಎನ್ನುತ್ತಿದ್ದ. ಅವನ ಗೆರೆ ಹೆಡ್‌ಲೈಟಿನಿಂದ ಹೊರಟರೆ ಎಲ್ಲೂ ನಿಲ್ಲದೆ, ಬಗ್ಗದೆ, ಬಾಲದ ತುದಿ ಮುಟ್ಟುತ್ತಿತ್ತು. ಅದರ ಮೇಲೆ ಬೆರಳಾಡಿಸಿದರೆ ಕುಯ್ಯುತ್ತದೇನೋ ಎನ್ನಿಸುವಷ್ಟು ಬಿಗಿ. ಕಾಜ್‌ನ ಗೆರೆ ಬಾಗಿಲ ನಡುವೆ ಒಮ್ಮೆ ಉಸಿರೆಳೆದುಕೊಂಡು ಒಳಸರಿದು, ಹಿಂದಿನ ಚಕ್ರದ ಮೇಲೆ ದಪ್ಪಗೆ ಉಬ್ಬಿ ನಿಲ್ಲುತ್ತಿತ್ತು.

"ಏನ್ ಅಜ್ಜಾ ಇದು," ಎಂದ ಲೈಲ್ ಒಂದು ದಿನ, ಗಡಿಯ ಆಚೆಯಿಂದ ಇಣುಕಿ. "ಬೇಕರಿಯಮ್ಮನ ಸೊಂಟ ನೋಡ್ಕೊಂಡು ಮಾಡಿದ್ರಾ?"

"ಕುದುರೆ ಕಣೋ ಅದು," ಎಂದ ಕಾಜ್. "ನಮ್ಮಪ್ಪನ ಕಲ್ಲಿದ್ದಲು ಗಾಡಿ ಕುದುರೆ. ಹಿಮದಲ್ಲಿ ಗಾಡಿ ಹೂತ್ಕೊಂಡಾಗ ಹಿಂಗಾಲು ಊರಿ, ಎಳೆಯೋಕೆ ಮುಂಚೆ ಒಂದ್ ಗಳಿಗೆ ಸುಮ್ನೆ ನಿಲ್ತಿತ್ತು. ಆ ಗಳಿಗೆ ಇದು. ನಿನಗೆಲ್ಲಿ ಗೊತ್ತಾಗ್ಬೇಕು, ನಿಮ್ಮೂರಲ್ಲಿ ಹಿಮಾನೂ ಇಲ್ಲ, ಎಳೆಯೋರೂ ಇಲ್ಲ."

"ಕುದುರೆಗೆ ಹುಲ್ಲು ಹಾಕಿ ಅಜ್ಜ. ಜನಕ್ಕೆ ಕಾರು ಕೊಡಿ."

"ನಿಂದು ಕಾರಾ? ನಮ್ಮನೇಲಿ ಬ್ರೆಡ್ ಕುಯ್ಯೋ ಚಾಕು ಇದಕ್ಕಿಂತ ಚೆನ್ನಾಗಿದೆ. ಅದಕ್ಕೆ ಹಿಡಿನಾದ್ರೂ ಇದೆ."

ಹೀಗೆ ಆ ಚಳಿಗಾಲವೆಲ್ಲ ನಡೆಯಿತು. ಟೇಪಿನ ಗಡಿಯನ್ನು ಕೂದಲೆಳೆಯಷ್ಟು ದಾಟಿದ್ದೀಯೆಂದು ಕಾಜ್ ಲೈಲ್‌ನ ಅಲಗು ಕಿತ್ತುಕೊಂಡು ಮುರಿದ. ಲೈಲ್ ಕಾಜ್‌ನ ಕಾಫಿ ಲೋಟಕ್ಕೆ ಕಂದು ಮಣ್ಣು ಕಲಸಿಟ್ಟ. ಕಾಜ್ ಅದನ್ನು ಕುಡಿದು, ಎಂದಿನದಕ್ಕಿಂತ ಪರವಾಗಿಲ್ಲ ಎಂದ. ಎರಡು ದೇಶಗಳ ಸೈನ್ಯಗಳು ಸಹ ಗಡಿಯಲ್ಲಿ ಇಷ್ಟು ಹಗೆಯಿಂದ ನಿಲ್ಲುವುದಿಲ್ಲ.

ತೋರಿಸುವ ದಿನ ಬಂತು. ಮಣ್ಣಿನ ಮೈಗೆ ಬೆಳ್ಳಿಯ ಹಾಳೆ ಬಿಗಿದು, ನಿಜದ ಕಾರಿನಂತೆ ಮಿರುಗುವಂತೆ ಮಾಡಿ, ಕ್ಯಾಟಮೌಂಟನ್ನು ಪ್ರದರ್ಶನದ ದೊಡ್ಡ ಹಾಲಿಗೆ ತಳ್ಳಿಕೊಂಡು ಹೋದರು. ಅದರ ಪಕ್ಕದಲ್ಲೇ ಇನ್ನೊಂದು ಸ್ಟುಡಿಯೋದವರು ಮಾಡಿದ ಮಣ್ಣಿನ ಕಾರೂ ಇತ್ತು. ಅದು ಸೋತ ಕುದುರೆಯೆಂದು ಮಾಡಿದವರಿಗೇ ಗೊತ್ತಿತ್ತು. ಜಾಗ ಬಿಕೋ ಎನ್ನದಿರಲಿ ಎಂದು ನಿಲ್ಲಿಸಿದ್ದರು, ಅಷ್ಟೇ. ಅದರ ಕಡೆಗೆ ಯಾರೂ ತಿರುಗಿ ನೋಡಲಿಲ್ಲ.

ಉಪಾಧ್ಯಕ್ಷ ಮಿಸ್ಟರ್ ಪ್ರೆಸ್ಕಾಟ್ ಹೇಲ್ ಬಂದರು. ಲೆಕ್ಕಪತ್ರದ ಇಲಾಖೆಯಿಂದ ಮೇಲೆ ಬಂದ ಮನುಷ್ಯ. ಅವರ ಸೂಟಿನ ಮಡಿಕೆಯಲ್ಲಿ ಪೆನ್ಸಿಲು ಚೂಪು ಮಾಡಬಹುದಾಗಿತ್ತು. ನೇರ ನಡೆದು ಬಂದು ಕಾರುಗಳ ಮೂತಿಯ ಎದುರು ನಿಂತರು. ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುವಷ್ಟು ಹೊತ್ತು ನೋಡಿದರು. "ಎಡಗಡೇದು ಮಾಡಿ," ಎಂದರು. ಊಟಕ್ಕೆ ಹೊರಟುಹೋದರು.

ಬಾಗಿಲು ಮುಚ್ಚಿತು. "ಗೆದ್ದೆ," ಎಂದ ಲೈಲ್. "ಗೆದ್ದೆ," ಎಂದ ಕಾಜ್. ಇಬ್ಬರ ಬಾಯಿಂದಲೂ ಒಂದೇ ಉಸಿರಿಗೆ ಬಂದ ಆ ಮಾತು ಹಾಲಿನ ನಡುವೆ ಡಿಕ್ಕಿ ಹೊಡೆದು ನೆಲಕ್ಕೆ ಬಿತ್ತು.

"ನೀವು ಹೇಗ್ ಗೆದ್ರಿ ಅಜ್ಜ? ಎಡ ಅಂದ್ರೆ ಚಾಲಕನ ಎಡ. ಸ್ಟಿಯರಿಂಗ್ ಇರೋ ಕಡೆ. ಈ ಕಟ್ಟಡ ಕಟ್ಟಿದಾಗಿನಿಂದ ಅದೇ ಎಡ. ಅದು ನಂದು."

"ಚಾಲಕನ ಎಡ ನಮಗೆ, ಕಾರು ಮಾಡೋರಿಗೆ. ಆ ಮನುಷ್ಯ ಕಾರ್ ಮಾಡೋನಾ? ಲೆಕ್ಕ ಬರಿಯೋನು. ಎಲ್ಲಿ ನಿಂತಿದ್ದ? ಮೂತಿ ಮುಂದೆ ನಿಂತಿದ್ದ. ಅವನ ಎಡಗೈ ಯಾವ ಕಡೆ ಇತ್ತು? ನನ್ನ ಕಡೆ."

"ಎಡಗೈ ಜೇಬಲ್ಲಿತ್ತು."

"ಜೇಬೂ ನನ್ನ ಕಡೇನೇ ಇತ್ತು ಕಣೋ."

ಸ್ಟುಡಿಯೋದ ಮುಖ್ಯಸ್ಥ ಹೋರೇಸ್ ಟಟ್ಲ್ ನಡುವೆ ಬಂದ. ಟಟ್ಲ್ ಒಳ್ಳೆಯವನು. ಆದರೆ ಅವನ ಹೆದರಿಕೆ ಎಂಥದೆಂದರೆ ಟೆಲಿಫೋನು ಹೊಡೆದುಕೊಂಡರೆ ಅದಕ್ಕೆ ಮೊದಲು ಕ್ಷಮೆ ಕೇಳಿ ಆಮೇಲೆ ಎತ್ತುತ್ತಿದ್ದ.

"ಫೋನ್ ಮಾಡಿ ಕೇಳಿ," ಎಂದ ಕಾಜ್.

"ಏನಂತ ಕೇಳ್ಲಪ್ಪ? ಸಾರ್, ನಿಮ್ಮ ಎಡಗಡೆ ಯಾವ ಕಡೆ ಅಂತಾನಾ? ಉಪಾಧ್ಯಕ್ಷರಿಗೆ ಎಡ ಬಲ ಗೊತ್ತಿಲ್ಲ ಅಂದ ಹಾಗಾಗುತ್ತೆ. ಹೋದ್ ವರ್ಷ ಒಬ್ಬ ಅವರನ್ನ ಇನ್ನೊಂದ್ ಸಲ ಹೇಳಿ ಅಂದಿದ್ದಕ್ಕೆ ಈಗ ಅವನು ಒಹಾಯೋದಲ್ಲಿ ವೈಪರ್ ಎಣಿಸ್ತಾ ಇದಾನೆ."

"ಹಾಗಾದ್ರೆ ನಾನ್ ಕೇಳ್ತೀನಿ."

"ನೀನು ಬೇಡ ಕಾಜ್. ದಯವಿಟ್ಟು ನೀನು ಬೇಡ. ನೋಡು, ನಮ್ಮ ಪದ್ಧತೀಲಿ ಎಡ ಅಂದ್ರೆ ಚಾಲಕನ ಎಡ. ಲೈಲ್‌ದು ಮಾಡೋಣ. ನಾಳೆ ನಿನ್ನ ಕಡೆ ಕೆರೆದುಬಿಡೋಣ."

ಕಾಜ್ ಕೋಟು ಎತ್ತಿಕೊಂಡ. ಅವನು ಬೈಯದೆ ಹೊರಟದ್ದು ಕಂಡು ಹಾಲಿನಲ್ಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಅವನು ಕಾರ್ ಪಾರ್ಕಿನವರೆಗೆ ನಡೆದುಹೋದ ದಾರಿಯಲ್ಲಿ ಹಿಮ ಕರಗಿ, ಆ ಜಾಗದಲ್ಲಿ ಮಾರ್ಚಿಗೇ ಹುಲ್ಲು ಬಂತೆಂದು ಇಂದಿಗೂ ಹೇಳುತ್ತಾರೆ. ನಂಬದವರು ಹೋಗಿ ನೋಡಬಹುದು.

ಮನೆಯಲ್ಲಿ ಅವನ ಹೆಂಡತಿ ಯಾದ್ವಿಗಾ ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ್ದಳು. ಅವನು ಒಂದು ಸುರುಳಿಯನ್ನು ಫೋರ್ಕಿನಿಂದ ಚುಚ್ಚಿ, ತಟ್ಟೆಯ ನಡುವೆ ನಿಲ್ಲಿಸಿ, ಇದು ಕಾರು, ಇದು ಮೂತಿ, ಇಲ್ಲಿ ನಿಂತವನಿಗೆ ಇದು ಎಡವೋ ಅಲ್ಲವೋ ಎಂದು ಕೇಳಿದ.

"ನನ್ನ ಕೇಳಿದ್ರೆ?" ಎಂದಳು ಯಾದ್ವಿಗಾ. "ಮದುವೆ ದಿನ ಪಾದ್ರಿ ಹುಡುಗಿಯ ಬಲಗಡೆ ನಿಂತ್ಕೋ ಅಂದ್ರೆ ನೀನು ಹೋಗಿ ನನ್ನ ತಂಗಿ ಪಕ್ಕ ನಿಂತಿದ್ದೆ. ಇನ್ನೊಂದ್ ಗಳಿಗೆ ತಡ ಆಗಿದ್ರೆ ಇವತ್ತು ಇದನ್ನೆಲ್ಲ ಅವಳು ಬೇಯಿಸ್ತಿದ್ಲು."

"ಇದು ತಮಾಷೆ ವಿಷಯ ಅಲ್ಲ."

"ಅಲ್ಲ ಕಣೋ ಕಾಜ್ಯು. ಮದುವೆ ಆದಾಗಿನಿಂದ ಪ್ರತಿ ರಾತ್ರಿ ಇಲ್ಲಿ ಕೂತ್ಕೊಂಡು ಗೋಡೆಗೆ ಬೈತೀಯ. ಆ ಗೋಡೆ ಏನ್ ಮಾಡ್ತು ನಿಂಗೆ? ನಿನ್ನ ರೆಕ್ಕೆ ಎತ್ತರ ಮಾಡಿದ್ದು ಅದಾ? ಬೈಯೋದಿದ್ರೆ ಬೈಬೇಕಾದವರ ಎದುರಿಗೆ ಹೋಗಿ ಬೈ. ಇಲ್ಲಾಂದ್ರೆ ಸುಮ್ನೆ ತಿನ್ನು, ಆರ್ತಾ ಇದೆ."

ಅವನು ತಿನ್ನಲಿಲ್ಲ. ಅವನೆದುರಿನ ತಟ್ಟೆ ಆರಲೂ ಇಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಲಿಫ್ಟಿನ ಎದುರು ನಿಂತ. ಬಾಗಿಲು ತೆರೆದರೆ ಒಳಗೆ ಲೈಲ್.

"ನೀನ್ಯಾಕೋ?"

"ನೀವು ಒಬ್ರೇ ಹೋದ್ರೆ ಅಲ್ಲಿ ಹೋಗಿ ನನ್ನ ಕಡೆ ಬಲಗಡೆ ಅಂತ ಪ್ರಮಾಣ ಮಾಡ್ಬಿಡ್ತೀರಿ. ಸಾಕ್ಷಿಗೆ ಬಂದೆ."

"ಕಾಲುಚೀಲ ಹಾಕ್ಕೊಂಡ್ ಬಂದಿದ್ರೆ ಮರ್ಯಾದೆಯಾದ್ರೂ ಸಿಗ್ತಿತ್ತು."

ಮೇಲಿನ ಮಹಡಿಯ ರತ್ನಗಂಬಳಿ ಎಷ್ಟು ದಪ್ಪವೆಂದರೆ ಹೊಸಬರು ಮೊಣಕಾಲವರೆಗೆ ಹೂತುಕೊಳ್ಳುತ್ತಿದ್ದರು. ಕಾರ್ಯದರ್ಶಿಯ ಮಾತು ಕೇಳದೆ ಕಾಜ್ ಬಾಗಿಲು ನೂಕಿಕೊಂಡು ಒಳಗೆ ಹೋದ. ಮಿಸ್ಟರ್ ಹೇಲ್ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದರು.

"ನೀವು ಎಡಗಡೇದು ಅಂದ್ರಿ," ಎಂದ ಕಾಜ್. ನಮಸ್ಕಾರ ಇಲ್ಲ, ಏನಿಲ್ಲ. "ಯಾವ ಎಡ?"

"ಯಾರು ನೀವು?"

"ಕ್ಯಾಟಮೌಂಟ್ ಮಾಡಿದವರು ಸಾರ್, ನಾವಿಬ್ರೂ," ಎಂದ ಲೈಲ್ ಹಿಂದಿನಿಂದ. "ಚಾಲಕನ ಎಡಾನಾ, ನಿಮ್ಮ ಎಡಾನಾ, ಅಂತ ಇವರ ಅನುಮಾನ. ನನಗೇನೂ ಅನುಮಾನ ಇಲ್ಲ."

ಮಿಸ್ಟರ್ ಹೇಲ್ ಚಾಕು ಕೆಳಗಿಟ್ಟರು. "ಎಡಗಡೆ ನಿಂತಿದ್ದ ಕಾರು, ನಿಮ್ಮದೇ. ಎರಡು ಕಾರು ಇತ್ತಲ್ಲ. ಎಡಗಡೇದು ಮಾಡಿ, ಬಲಗಡೇದು ಬೇಡ ಅಂದೆ."

ಕಾಜ್ ಲೈಲ್‌ನ ಮುಖ ನೋಡಿದ. ಲೈಲ್ ಕಾಜ್‌ನ ಮುಖ ನೋಡಿದ. ಇನ್ನೊಂದು ಸ್ಟುಡಿಯೋದ ಆ ಸೋತ ಕುದುರೆ ಇಬ್ಬರ ಕಣ್ಣ ಮುಂದೂ ಕುಂಟುತ್ತ ಹಾದುಹೋಯಿತು.

"ನಮ್ಮ ಕಾರಿನಲ್ಲಿ ಯಾವ ಮಗ್ಗುಲು?" ಎಂದ ಕಾಜ್ ನಿಧಾನವಾಗಿ.

"ಮಗ್ಗುಲು ಅಂದ್ರೆ? ಎರಡು ಕಡೇನೂ ಬೇರೆ ಬೇರೆ ಇದೆಯೇನ್ರೀ?"

ಮಣ್ಣಿನಲ್ಲಿ ಕಳೆದ ಒಂದಿಡೀ ಚಳಿಗಾಲ, ಮುರಿದ ಅಲಗು, ಕಲಸಿದ ಕಾಫಿ, ಕಲ್ಲಿದ್ದಲು ಗಾಡಿಯ ಕುದುರೆ, ಪೆಸಿಫಿಕ್ ಸಮುದ್ರದ ಅಲೆಗಳೆಲ್ಲ ಆ ಒಂದು ಪ್ರಶ್ನೆಯ ಬೆಣ್ಣೆಯಲ್ಲಿ ಜಾರಿ ನೆಲಕ್ಕೆ ಬಿದ್ದವು. ಇಷ್ಟು ದಿನ ಕಾಜ್‌ಗೆ ಬರುತ್ತಿದ್ದದ್ದು ಸಿಟ್ಟೇ ಅಲ್ಲ, ಸಿಟ್ಟಿನ ಅಭ್ಯಾಸ ಎಂದು ಅವನಿಗೆ ಆಗ ತಿಳಿಯಿತು. ನಿಜವಾದದ್ದು ಈಗ ಕಾಲಿನ ಹೆಬ್ಬೆರಳಿನಿಂದ ಹೊರಟು ಮೇಲೆ ಹತ್ತುತ್ತಿತ್ತು.

"ಬಂದು ನೋಡಿ," ಎಂದ.

"ನನಗೆ ಒಂಬತ್ತಕ್ಕೆ ಮೀಟಿಂಗ್..."

"ಬಂದು ನೋಡಿ."

ಅವನ ಮುಖದಲ್ಲಿ ಏನು ಕಂಡಿತೋ, ಮಿಸ್ಟರ್ ಹೇಲ್ ಎದ್ದರು. ಲಿಫ್ಟಿನಲ್ಲಿ ಮೂವರೂ ಬಾಗಿಲ ಕಡೆ ಮುಖ ಮಾಡಿ ನಿಂತು ಇಳಿದರು. ಅವರ ನಡುವೆ ಒಬ್ಬ ಮಾತ್ರ ಕಾಲುಚೀಲವಿಲ್ಲದವನಾದರೂ ಕಾಲು ತಣ್ಣಗಾದದ್ದು ಉಪಾಧ್ಯಕ್ಷರಿಗೆ.

ಹಾಲಿನಲ್ಲಿ ಟಟ್ಲ್ ಮತ್ತು ನಾಲ್ಕೈದು ಕೆಲಸದವರು ಬೆಳ್ಳಿ ಹಾಳೆ ಸುಲಿಯುತ್ತಿದ್ದರು. ಕಂದು ಮೈ ಅರ್ಧ ಹೊರಗೆ ಬಂದಿತ್ತು. ಉಪಾಧ್ಯಕ್ಷರನ್ನು ಕಂಡು ಟಟ್ಲ್ ಹಾಳೆಯ ಮುದ್ದೆಯನ್ನೇ ಎದೆಗೆ ಅವುಚಿಕೊಂಡು ನಿಂತ. ಮಿಸ್ಟರ್ ಹೇಲ್ ಈ ಕಡೆಯಿಂದ ನೋಡಿದರು. ಸುತ್ತಿ ಬಂದು ಆ ಕಡೆಯಿಂದ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಒಂದೇ ಥರ ಇದೆಯಲ್ರೀ."

ಲೈಲ್‌ನ ಬಾಯಿ ತೆರೆದುಕೊಂಡಿತು. "ಸಾರ್, ಇಲ್ಲಿ ಗೆರೆ ನೇರ ಹೋಗುತ್ತೆ. ಅಲ್ಲಿ ಉಬ್ಬು ಇದೆ. ಇದು ಅಲೆ. ಅದು... ಅದು ಕುದುರೆ ಸಾರ್."

ತನ್ನ ಕುದುರೆಯನ್ನು ಈ ಹುಡುಗ ಕುದುರೆ ಎಂದು ಕರೆದದ್ದು ಇದೇ ಮೊದಲು. ಕಾಜ್ ಅದನ್ನು ಕೇಳಿಸಿಕೊಂಡ. ಮೆಚ್ಚುವಷ್ಟು ಪುರಸೊತ್ತು ಇರಲಿಲ್ಲ.

"ಇರಬಹುದು," ಎಂದರು ಮಿಸ್ಟರ್ ಹೇಲ್ ಕೈಗಡಿಯಾರ ನೋಡಿಕೊಳ್ಳುತ್ತ. "ಯಾವುದಾದ್ರೂ ಮಾಡಿ. ನನಗೇನೂ ಅಭ್ಯಂತರ ಇಲ್ಲ."

ಬೇಡ ಎಂದಿದ್ದರೆ ಕಾಜ್ ತಡೆದುಕೊಳ್ಳುತ್ತಿದ್ದ. ಬೇಡ ಎನ್ನಿಸಿಕೊಂಡೇ ಅವನ ಕೂದಲು ಬೆಳ್ಳಗಾದದ್ದು. ಆದರೆ ಯಾವುದಾದರೂ ಎಂಬ ಮಾತು ಅವನ ಕಿವಿಯೊಳಗೆ ಕಾದ ಸೀಸದ ಹಾಗೆ ಇಳಿಯಿತು. ಕೆಲಸದವನೊಬ್ಬನ ಕೈಯಲ್ಲಿ ಉಕ್ಕಿನ ದೊಡ್ಡ ಅಲಗಿತ್ತು, ಎರಡು ಕೈಯಲ್ಲಿ ಹಿಡಿಯುವಂಥದ್ದು. ಅದನ್ನು ಕಿತ್ತುಕೊಂಡ.

"ಯಾವುದಾದ್ರೂ ಅಲ್ಲ," ಎಂದ. "ನೀವು ಕಣ್ಣಲ್ಲಿ ನೋಡದೇ ಇರೋ ಗೆರೆ ರಸ್ತೆಗೆ ಹೋಗೋದು ಬೇಡ. ಒಲೆಗೆ ಹೋಗ್ಲಿ. ನಾನೇ ಹಾಕ್ತೀನಿ."

ತನ್ನ ಮಗ್ಗುಲಿನ ಬಾಗಿಲ ಅಂಚಿಗೆ ಅಲಗು ಊರಿ, ಮೈಯ ಭಾರವೆಲ್ಲ ಹಾಕಿ, ಹಿಂದಿನ ಚಕ್ರದ ಕಡೆಗೆ ಒಂದೇ ಎಳೆತಕ್ಕೆ ಎಳೆದ. ಆರಿ ಕಲ್ಲಾಗಿದ್ದ ಮಣ್ಣು. ಅದು ಕೂಗಿದ ಕೂಗಿಗೆ ಹಾಲಿನ ದೀಪಗಳು ಒಮ್ಮೆ ಮಂಕಾದವು, ಪಕ್ಕದ ಕಟ್ಟಡದವರು ಬೆಂಕಿಯೆಂದು ಹೊರಗೆ ಓಡಿದರು. ಕುದುರೆಯ ಚಪ್ಪೆಯ ನಡುವಿನಿಂದ ತೋಳುದ್ದದ ಸಿಪ್ಪೆಯೊಂದು ಎದ್ದು, ಸುರುಳಿಯಾಗಿ, ಉಪಾಧ್ಯಕ್ಷರ ಬೂಟಿನ ಮೇಲೆ ಬಿತ್ತು. ಉಬ್ಬು ಹೋಯಿತು. ಉಬ್ಬಿದ್ದ ಜಾಗದಲ್ಲಿ ಬಾಗಿಲಿನಿಂದ ಬಾಲಕ್ಕೆ ಓರೆಯಾಗಿ ಏರಿದ, ಆಳವಾದ, ಕ್ರೂರವಾದ ಒಂದು ಗಾಯ ಉಳಿಯಿತು. ಅದರ ಮೇಲಂಚಿನ ಮೇಲೆ ದೀಪದ ಬೆಳಕು ಬಂದು ಕೂತು, ಅಲ್ಲಿಂದ ಏಳಲೇ ಇಲ್ಲ.

ಟಟ್ಲ್ ಕಣ್ಣು ಮುಚ್ಚಿಕೊಂಡಿದ್ದ. ಲೈಲ್ ತನ್ನ ಕಡೆಯಿಂದ ಗಡಿ ದಾಟಿ ಬಂದು ನಿಂತಿದ್ದ.

ಮಿಸ್ಟರ್ ಹೇಲ್ ಬೂಟಿನ ಮೇಲಿನ ಮಣ್ಣು ಕೊಡವಲಿಲ್ಲ. ಕತ್ತು ಓರೆ ಮಾಡಿದರು. ಒಂದು ಹೆಜ್ಜೆ ಹಿಂದೆ ಇಟ್ಟರು. ಅವರ ಆಯುಸ್ಸಿನಲ್ಲಿ ಮೊದಲ ಸಲ ಅವರು ಒಂದು ಕಾರನ್ನು ನೋಡಿದರು.

"ಇದು," ಎಂದರು. "ಇದನ್ನ ಮಾಡಿ. ಇದೇ ನಾನು ಹೇಳಿದ್ದು."

ಮೀಟಿಂಗಿಗೆ ಹೊರಟುಹೋದರು.

ಮುಂದೆ ಆ ಗಾಯದ ಬಗ್ಗೆ ಪತ್ರಿಕೆಗಳು ಏನೇನೋ ಬರೆದವು. ಶಾರ್ಕ್ ಮೀನಿನ ಕಿವಿರು ಎಂದರು, ಯುದ್ಧವಿಮಾನದ ಗಾಳಿಬಾಯಿ ಎಂದರು, ಕಾಡುಬೆಕ್ಕು ಪರಚಿದ ಗುರುತು ಎಂದವನಿಗೆ ಬಹುಮಾನ ಬಂತು. ಆ ಗಾಯವಿರುವ ಕಾರು ಸಿಗ್ನಲ್ಲಿನಲ್ಲಿ ಸುಮ್ಮನೆ ನಿಂತಿದ್ದರೂ ಪಕ್ಕದ ಕಾರಿನವರು ಕಿಟಕಿ ಏರಿಸಿಕೊಳ್ಳುತ್ತಿದ್ದರು. ಅದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ಹಾಲಿನಲ್ಲಿ ಇದ್ದದ್ದು ಒಂದು ಅರ್ಧ ಕಾರು ಮತ್ತು ಒಬ್ಬ ಪೂರ್ತಿ ಸಿಟ್ಟಿನ ಮನುಷ್ಯ.

"ಗೆದ್ದೆಯಲ್ಲಪ್ಪ," ಎಂದ ಟಟ್ಲ್ ಕಣ್ಣು ತೆರೆದು. "ನಿನ್ನ ಗೆರೇನೇ ಆಯ್ತು. ಯಾರೂ ಕೈಯಿಡಲ್ಲ, ನಾನ್ ನೋಡ್ಕೋತೀನಿ."

"ನನ್ನ ಗೆರೆ ನೆಲದ ಮೇಲೆ ಬಿದ್ದಿದೆ," ಎಂದ ಕಾಜ್. "ಗುಡಿಸ್ತಾ ಇದಾರೆ ನೋಡು. ಚಳಿಗಾಲ ಪೂರ್ತಿ ಕೂತು ಮಾಡಿದ್ದು ಆ ಮನುಷ್ಯನ ಕಣ್ಣಿಗೆ ಬೀಳ್ಲಿಲ್ಲ. ಹಾಳು ಮಾಡಿದ್ದು ಬಿತ್ತು. ಹಾಳು ಮಾಡೋದೇ ಕೆಲಸ ಅಂತ ಮೊದಲೇ ಹೇಳಿದ್ರೆ ಇಷ್ಟು ವರ್ಷ ಬರಿಯೋಕೆ ಯಾಕೆ ಕೂತ್ಕೋತಿದ್ದೆ?"

ಟಟ್ಲ್ ಗಂಟಲು ಸರಿಮಾಡಿಕೊಂಡ. "ಈಗ ಆ ಕಡೇನೂ ಇದೇ ಥರ ಒಂದು..."

ಕಾರಿಗೆ ಎರಡು ಮಗ್ಗುಲು ಬೇಕು. ಆ ಕಡೆ ಇನ್ನೂ ಲೈಲ್‌ನ ಗೆರೆ, ಅಲುಗದೆ, ಬಗ್ಗದೆ, ಹೆಡ್‌ಲೈಟಿನಿಂದ ಬಾಲದವರೆಗೆ ನಿಂತಿತ್ತು. ಕಾಜ್ ಅಲಗು ಹಿಡಿದು ಆ ಕಡೆಗೆ ನಡೆದ. ಬಾಗಿಲ ಅಂಚಿಗೆ ಊರಿದ. ಎಳೆಯಲಾಗಲಿಲ್ಲ. ಅಳತೆ ಪಟ್ಟಿ ತರಿಸಿದ, ಚುಕ್ಕಿ ಇಟ್ಟ, ಚುಕ್ಕಿಯಿಂದ ಚುಕ್ಕಿಗೆ ಒಂದಿಷ್ಟು ಕೆರೆದ. ಕೆರೆದದ್ದು ಹಲ್ಲಿನ ಡಾಕ್ಟರು ಕೆರೆದ ಹಾಗಿತ್ತು. ಉಗಿದು, ಮಣ್ಣು ತುಂಬಿಸಿ, ಮತ್ತೆ ಊರಿದ.

"ಸಿಟ್ಟು ಮಾಡ್ಕೊಳಪ್ಪ," ಎಂದ ಟಟ್ಲ್ ಅಂಗಲಾಚುವ ಹಾಗೆ. "ಬೆಳಿಗ್ಗೆ ಬಂದಿತ್ತಲ್ಲ, ಹಾಗೆ."

"ಸಿಟ್ಟೇ ಬಂದಿರೋದು. ಅದು ಇವನ ಮೇಲಲ್ಲ. ಇವನ ಗೆರೆ ಮೇಲೆ ನಾನು ಯಾಕೆ ತೋರಿಸ್ಲಿ?"

ಕಾಜ್‌ನ ಬಾಯಿಂದ ಈ ಮಾತು ಬಂದದ್ದಕ್ಕೆ ಅವನಿಗೇ ಇನ್ನಷ್ಟು ಸಿಟ್ಟು ಬಂತು. ಲೈಲ್ ಅಷ್ಟು ಹೊತ್ತು ಗುಡಿಸಿ ರಾಶಿ ಹಾಕಿದ ಮಣ್ಣಿನ ಎದುರು ಕುಕ್ಕರಗಾಲಲ್ಲಿ ಕೂತಿದ್ದ. ಕುದುರೆಯ ಚಪ್ಪೆಯ ಒಂದು ಚೂರನ್ನು ಎತ್ತಿ, ಬೆರಳಿನಿಂದ ಸವರಿ, ಕೆಳಗಿಟ್ಟ. ಎದ್ದು ಬಂದ. ಅವನ ಕಣ್ಣಿನಲ್ಲಿ ಅಲೆ ಗಿಲೆ ಏನೂ ಇರಲಿಲ್ಲ.

"ಒಂದೇ ಥರ ಇದೆಯಂತೆ," ಎಂದ. "ಕೇಳಿಸ್ಕೊಂಡ್ರಾ ಅಜ್ಜ? ನಂದೂ ನಿಮ್ಮದೂ ಒಂದೇ ಥರ ಇದೆಯಂತೆ. ಕೊಡಿ ಇಲ್ಲಿ."

"ನಿನ್ನ ಕೈಲಿ ಆಗಲ್ಲ ಕಣೋ. ತೋಳಲ್ಲಿ ಬಲ ಬೇಕು."

"ಕೊಡಿ ಅಂದೆ."

ಕಿತ್ತುಕೊಂಡ. ಬಾಗಿಲ ಅಂಚಿಗೆ ಊರಿದ. ಹಲ್ಲು ಕಚ್ಚಿ, ತನ್ನ ನೇರ ಗೆರೆಯ ಕುತ್ತಿಗೆಗೆ ಅಲಗು ಇಳಿಸಿ, ಬಾಲದವರೆಗೂ ಸೀಳಿಕೊಂಡು ಹೋದ. ಹೋದ ರಭಸಕ್ಕೆ ಹಿಂದಿನ ಬಂಪರಿನ ಆಚೆ ಹೋಗಿ ಮುಗ್ಗರಿಸಿ ಬಿದ್ದ. ಅಲ್ಲೇ ಕೂತು, ಬೂಟೊಂದನ್ನು ಕಿತ್ತು, ಪಕ್ಕದಲ್ಲಿ ನಿಂತಿದ್ದ ಸೋತ ಕುದುರೆ ಕಾರಿನ ಕಡೆಗೆ ಬೀಸಿ ಎಸೆದ. ಅದರ ಮೂತಿ ಮುರಿಯಿತು.

ಕಾಜ್ ಕಾರಿನ ಮೂತಿಯ ಎದುರು ಹೋಗಿ ನಿಂತ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ಬಳಿಗೆ ಬಂದು ಲೈಲ್‌ನ ಗಾಯದುದ್ದಕ್ಕೂ ಅಂಗೈ ಆಡಿಸಿದ.

"ಕೊನೇಲಿ ಮೇಲಕ್ಕೆ ಎತ್ತಿಬಿಟ್ಟಿದೀಯ."

"ಎತ್ತಿಲ್ಲ. ನಿಮ್ಮದು ಕೆಳಗೆ ಬಿದ್ದಿದೆ. ವಯಸ್ಸಾಯ್ತು ನಿಮಗೆ."

"ನನ್ನದು ಎಲ್ಲಿರಬೇಕೋ ಅಲ್ಲಿದೆ. ನಿನ್ನದನ್ನ ಇಳಿಸು."

"ನಾನು ಇಳಿಸಲ್ಲ. ನೀವು ಏರಿಸಿ."

"ಏಳೋ ಮೇಲೆ."

ಟಟ್ಲ್ ಕೆಲಸದವರಿಗೆಲ್ಲ ಕಣ್ಣುಸನ್ನೆ ಮಾಡಿ, ಅಲ್ಲಿ ಉಳಿದಿದ್ದ ಎರಡನೇ ಅಲಗನ್ನು ಮೆತ್ತಗೆ ಬೆಂಚಿನ ಮೇಲಿಟ್ಟು, ಹೊರಗೆ ಬಂದು ಹಾಲಿನ ಬಾಗಿಲು ಹಾಕಿಕೊಂಡ. ಒಳಗೆ ಮೊದಲು ಬೈಗುಳ ಕೇಳಿಸಿತು, ಒಂದು ಪೋಲಿಷ್ ಭಾಷೆಯದು, ಒಂದು ಸಮುದ್ರತೀರದ್ದು. ಆಮೇಲೆ ಮಣ್ಣು ಕೆರೆಯುವ ಸದ್ದು, ಎರಡೂ ಕಡೆಯಿಂದ.